ಹಳೆಯ ಕಾರಿನ ಹೊಗೆ ಮತ್ತು ನಮ್ಮ ಉಸಿರು

ಉದ್ಯೋಗಾರ್ಥಿಗಳಾಗಿ ತಾಯ್ನಾಡನ್ನು ಬಿಟ್ಟು ಮಹಾನಗರಗಳನ್ನು ಸೇರಿದ ನಮ್ಮವರಲ್ಲಿ ಕೆಲವರ ಮನೆಗಳಲ್ಲಿ ಇಂದಿಗೂ ಒಂದು ಹಳೆಯ ಕಾರು ಮಾನದ ಸ್ಥಾನವನ್ನು ಉಳಿಸಿಕೊಂಡಿದೆ. ತಂದೆಯವರು ಕಂತಿನ ಮೇಲೆ ಕೊಂಡ ಪದ್ಮಿನಿ, ಊರಿನಿಂದ ಓಡಿಸಿಕೊಂಡು ಬಂದ ಅಂಬಾಸಿಡರ್, ಮಗಳು ಹುಟ್ಟಿದ ವರ್ಷ ಮನೆಗೆ ಬಂದ ಮಾರುತಿ 800. ಇವುಗಳನ್ನು ಗುಜರಿಗೆ ಹಾಕಲು ಮನಸ್ಸು ಒಪ್ಪುವುದಿಲ್ಲ, ಅದು ಸಹಜವೇ. ಆದರೆ ಇಂಥ ವಾಹನವನ್ನು ಉಳಿಸಿಕೊಳ್ಳುವವರು ಅದರ ಬಣ್ಣ, ಹೊಳಪುಗಳಿಗೆ ಕೊಡುವ ಗಮನವನ್ನು ಅದರ ಹೊಗೆಗೂ ಕೊಡುವುದು ಅವಶ್ಯಕ. ಹಳೆಯ ಕಾರಿನ ಅಡಿಯಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಸಾಧನ ಕಾಣಿಸದಿದ್ದಾಗ ಅದನ್ನು ಹೊಸದಾಗಿ ಹಾಕಿಸಬೇಕೆ, ಬೇಡವೆ ಎಂಬ ಪ್ರಶ್ನೆ ಏಳುತ್ತದೆ. ಈ ಪ್ರಶ್ನೆಯನ್ನು ಆರೋಗ್ಯದ ದೃಷ್ಟಿಯಿಂದಲೂ ಕಾನೂನಿನ ದೃಷ್ಟಿಯಿಂದಲೂ ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

ಹೊಗೆಯಲ್ಲಿ ಏನಿದೆ?

ಪೆಟ್ರೋಲು ಸಂಪೂರ್ಣವಾಗಿ ಉರಿದರೆ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಮಾತ್ರ ಹೊರಬರಬೇಕು. ಆದರೆ ಎಂಜಿನಿನೊಳಗೆ ದಹನ ಎಂದೂ ಪರಿಪೂರ್ಣವಾಗಿರುವುದಿಲ್ಲ. ಅರೆಬೆಂದ ಇಂಧನದಿಂದ ಇಂಗಾಲದ ಮಾನಾಕ್ಸೈಡ್ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮೀರಿದ ಸೆಳೆತದಿಂದ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಪರಿಣಾಮವಾಗಿ ತಲೆನೋವು, ತಲೆಸುತ್ತು, ಓಕರಿಕೆ ಕಾಣಿಸಿಕೊಳ್ಳುತ್ತವೆ. ಮುಚ್ಚಿದ ಜಾಗದಲ್ಲಿ ಪ್ರಾಣಾಪಾಯವೇ ಸಂಭವಿಸಬಹುದು. ಉರಿಯದೆ ಉಳಿದ ಹೈಡ್ರೋಕಾರ್ಬನ್‌ಗಳು ಎರಡನೆಯವು. ಇವುಗಳಲ್ಲಿ ಒಂದಾದ ಬೆಂಜೀನ್ ರಕ್ತದ ಕ್ಯಾನ್ಸರಿಗೆ ಕಾರಣವಾಗಬಲ್ಲದು. ಮೂರನೆಯವು ಸಾರಜನಕದ ಆಕ್ಸೈಡ್‌ಗಳು. ಎಂಜಿನಿನ ಉಗ್ರ ತಾಪದಲ್ಲಿ ಗಾಳಿಯಲ್ಲಿರುವ ಸಾರಜನಕವೇ ಆಮ್ಲಜನಕದೊಡನೆ ಕೂಡಿ ಇವು ಉಂಟಾಗುತ್ತವೆ. ಆಸ್ತಮಾ ರೋಗಿಗಳಿಗೂ ಮಕ್ಕಳ ಎಳೆಯ ಶ್ವಾಸಕೋಶಗಳಿಗೂ ಇವು ಶತ್ರುಗಳು. ಹೈಡ್ರೋಕಾರ್ಬನ್‌ಗಳೂ ಸಾರಜನಕದ ಆಕ್ಸೈಡ್‌ಗಳೂ ಬಿಸಿಲಿನಲ್ಲಿ ಕೂಡಿ ಓಜೋನ್ ಮುಸುಕನ್ನು ಸೃಷ್ಟಿಸುತ್ತವೆಂಬುದನ್ನು ಹಾಗೆನ್-ಸ್ಮಿತ್ ಎಂಬ ವಿಜ್ಞಾನಿ 1950ರ ಸುಮಾರಿನಲ್ಲಿ ಲಾಸ್ ಏಂಜಲೀಸ್ ನಗರದ ಗಾಳಿಯನ್ನು ಪರೀಕ್ಷಿಸಿ ತೋರಿಸಿದರು.

ಪರಿವರ್ತಕದ ಕೆಲಸ

ಕ್ಯಾಟಲಿಟಿಕ್ ಕನ್ವರ್ಟರನ್ನು ಕನ್ನಡದಲ್ಲಿ ವೇಗವರ್ಧಕ ಪರಿವರ್ತಕ ಎನ್ನಬಹುದು. ಹೊರಗಿನಿಂದ ನೋಡಿದರೆ ಅದು ಸೈಲೆನ್ಸರಿಗಿಂತ ಮುಂದೆ, ಹೊಗೆ ಕೊಳವೆಯ ನಡುವೆ ಕೂಡಿಸಿದ ಒಂದು ಲೋಹದ ಡಬ್ಬಿ. ಒಳಗೆ ಜೇನುಹುಟ್ಟಿನಂತೆ ಸಾವಿರಾರು ಸಣ್ಣ ರಂಧ್ರಗಳುಳ್ಳ ಪಿಂಗಾಣಿಯ ದಿಂಡು; ಅದರ ಗೋಡೆಗಳ ಮೇಲೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಲೋಹಗಳ ಅತಿ ತೆಳುವಾದ ಲೇಪನ. ಈ ಲೋಹಗಳು ತಾವು ವ್ಯಯವಾಗದೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುತ್ತವೆ. ಮಾನಾಕ್ಸೈಡು ಡೈಆಕ್ಸೈಡಾಗಿಯೂ, ಹೈಡ್ರೋಕಾರ್ಬನ್‌ಗಳು ಡೈಆಕ್ಸೈಡ್ ಮತ್ತು ನೀರಾಗಿಯೂ ಮಾರ್ಪಡುತ್ತವೆ. ಮೂರನ್ನೂ ನಿವಾರಿಸುವ ಬಗೆಯ ಪರಿವರ್ತಕದಲ್ಲಿ ಸಾರಜನಕದ ಆಕ್ಸೈಡ್‌ಗಳೂ ಒಡೆದು ನಿರುಪದ್ರವಿ ಸಾರಜನಕವಾಗುತ್ತವೆ.

ಆದರೆ ಇದಕ್ಕೆ ಎರಡು ಕಟ್ಟಳೆಗಳಿವೆ. ಒಂದು, ಡಬ್ಬಿಯು ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಬಿಸಿಯಾಗುವವರೆಗೆ ಅದು ಸರಿಯಾಗಿ ಕೆಲಸ ಮಾಡದು. ಎರಡು, ಮೂರು ವಿಷಗಳೂ ಒಟ್ಟಿಗೆ ನಿವಾರಣೆಯಾಗಬೇಕಾದರೆ ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಸೇರಬೇಕು. ಆಮ್ಲಜನಕ ಸಂವೇದಕವುಳ್ಳ ಎಂಜಿನಿಗೆ ಮಾತ್ರ ಈ ಅಳತೆಯನ್ನು ಕ್ಷಣಕ್ಷಣವೂ ಕಾಯ್ದುಕೊಳ್ಳಲು ಸಾಧ್ಯ. ಹಳೆಯ ಕಾರ್ಬ್ಯುರೇಟರಿಗೆ ಅದು ಮೀರಿದ ಕೆಲಸ.

ಸೀಸದಿಂದ ಬಿಡುಗಡೆ

ಫ್ರಾನ್ಸಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಎಂಜಿನಿಯರ್ ಯೂಜೀನ್ ಹೌಡ್ರಿ 1950ರ ದಶಕದಲ್ಲೇ ಇಂಥ ಸಾಧನವನ್ನು ರೂಪಿಸಿದ್ದರು. ಆದರೆ ಅಂದಿನ ಪೆಟ್ರೋಲಿನಲ್ಲಿದ್ದ ಸೀಸವು ಲೇಪನವನ್ನು ಕೆಡಿಸಿ ಸಾಧನವನ್ನು ನಿರರ್ಥಕಗೊಳಿಸುತ್ತಿತ್ತು. ಅಮೆರಿಕದಲ್ಲಿ 1975ರ ಮಾದರಿಯ ಕಾರುಗಳಲ್ಲಿ ಪರಿವರ್ತಕ ವ್ಯಾಪಕವಾಗಿ ಬಂದಾಗ ಸೀಸರಹಿತ ಪೆಟ್ರೋಲೂ ಜೊತೆಗೇ ಬರಬೇಕಾಯಿತು. ನಮ್ಮ ದೇಶದಲ್ಲಿ 1995ರ ಏಪ್ರಿಲ್ 1ರಿಂದ ದೆಹಲಿ, ಮುಂಬಯಿ, ಕಲ್ಕತ್ತ, ಚೆನ್ನೈಗಳಲ್ಲಿ ಮಾರಾಟವಾಗುವ ಹೊಸ ಪೆಟ್ರೋಲ್ ಕಾರುಗಳಿಗೆ ಪರಿವರ್ತಕ ಕಡ್ಡಾಯವಾಯಿತು. ಮುಂದೆ ಈ ವ್ಯವಸ್ಥೆ ಇತರ ನಗರಗಳಿಗೂ ಹಬ್ಬಿತು. 2000ದ ಫೆಬ್ರವರಿಯಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲು ಮಾತ್ರ ಸಿಗುವಂತಾಯಿತು. ಅದಕ್ಕೆ ತುಸು ಮುನ್ನ ಬೆಂಗಳೂರಿನ ಜಾರ್ಜ್ ಪ್ರತಿಷ್ಠಾನ ಹಲವು ಭಾರತೀಯ ನಗರಗಳಲ್ಲಿ ರಕ್ತಪರೀಕ್ಷೆ ನಡೆಸಿದಾಗ, ಪರೀಕ್ಷೆಗೊಳಗಾದ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯ ರಕ್ತದಲ್ಲಿ ಸೀಸದ ಪ್ರಮಾಣ ಡೆಸಿಲೀಟರಿಗೆ 10 ಮೈಕ್ರೋಗ್ರಾಮನ್ನು ಮೀರಿತ್ತು. ಮಕ್ಕಳ ಬುದ್ಧಿಯ ಬೆಳವಣಿಗೆಯನ್ನೇ ಕುಗ್ಗಿಸುವ ಈ ವಿಷವು ಪೆಟ್ರೋಲಿನಿಂದ ತೊಲಗಲು ಪರಿವರ್ತಕವೂ ಒಂದು ಕಾರಣವಾಯಿತೆಂಬುದನ್ನು ನಾವು ಮರೆಯಬಾರದು.

ಇಲ್ಲದ್ದು ಬೇರೆ, ಕಳೆದದ್ದು ಬೇರೆ

ನಿಮ್ಮ ಕಾರಿನಲ್ಲಿ ಪರಿವರ್ತಕವಿಲ್ಲದಿದ್ದರೆ ಮೊದಲು ಅದರ ಜಾತಕವನ್ನು ನೋಡಬೇಕು. 1995ಕ್ಕಿಂತ ಹಿಂದಿನ ದೇಶೀಯ ಕಾರಾದರೆ ಅದಕ್ಕೆ ಪರಿವರ್ತಕ ಇದ್ದಿರಲಾರದು. 1995ರ ನಂತರದ್ದಾದರೂ ಅದನ್ನು ಎಲ್ಲಿ ಕೊಂಡದ್ದೆಂಬುದು ಮುಖ್ಯ. ಅದೇ ವರ್ಷದ, ಅದೇ ಮಾದರಿಯ ಕಾರು ಮುಂಬಯಿಯಲ್ಲಿ ಪರಿವರ್ತಕದೊಡನೆಯೂ ನಮ್ಮ ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ಅದಿಲ್ಲದೆಯೂ ಮಾರಾಟವಾಗಿರಬಹುದು. ಕಾರಿನೊಡನೆ ಬಂದ ಕೈಪಿಡಿಯನ್ನು ನೋಡಿ. ಪೆಟ್ರೋಲ್ ಮುಚ್ಚಳದ ಬಳಿ ಸೀಸರಹಿತ ಇಂಧನದ ಸೂಚನೆ, ಕೊಳವೆಯ ಮೇಲೆ ಶಾಖ ತಡೆಯುವ ತಗಡು ಅಥವಾ ಕತ್ತರಿಸಿ ಬೆಸೆದ ಗುರುತು ಇದ್ದರೆ ಮೂಲದಲ್ಲಿ ಪರಿವರ್ತಕವಿತ್ತೆಂದು ಊಹಿಸಬಹುದು.

ಇದ್ದದ್ದು ಎಲ್ಲಿಗೆ ಹೋಯಿತು? ಕೆಲವೊಮ್ಮೆ ಕಳ್ಳರ ಪಾಲಾಗಿರುತ್ತದೆ. ಒಳಗಿನ ರೋಡಿಯಂ ಲೋಹದ ಬೆಲೆ 2021ರಲ್ಲಿ ಚಿನ್ನದ ಬೆಲೆಯ ಹತ್ತು ಪಟ್ಟನ್ನೂ ಮೀರಿತ್ತು. ಕೆಲವೊಮ್ಮೆ, ಕಟ್ಟಿಕೊಂಡ ಡಬ್ಬಿಯನ್ನು ತೆಗೆದುಹಾಕಿದರೆ ಮೈಲೇಜು ಹೆಚ್ಚುತ್ತದೆಂದು ನಂಬಿಸಿ ಗ್ಯಾರೇಜಿನವರೇ ಬರಿಯ ಕೊಳವೆಯನ್ನು ಬೆಸೆದಿರುತ್ತಾರೆ. ತೆಗೆದ ಡಬ್ಬಿಯನ್ನು ಹಿಂದಕ್ಕೆ ಕೇಳಿ ಪಡೆಯುವವರು ವಿರಳ.

ಪ್ರಮಾಣಪತ್ರ ಹೇಳುವುದೆಷ್ಟು?

ಊರಿನಲ್ಲಿ ನಾವು ಎಮಿಷನ್ ಟೆಸ್ಟ್ ಎನ್ನುವುದನ್ನು ಇಲ್ಲಿ ಪಿಯುಸಿ ಎನ್ನುತ್ತಾರೆ. ಇದರ ಮಿತಿಗಳೂ ಕಾರಿನ ಜನ್ಮಕಾಲವನ್ನೇ ಅನುಸರಿಸುತ್ತವೆ. ಭಾರತ್ ಸ್ಟೇಜ್ 2ಕ್ಕಿಂತ ಹಿಂದಿನ ಪೆಟ್ರೋಲ್ ಕಾರು ನಿಂತಲ್ಲೇ ಓಡುತ್ತಿರುವಾಗ ಹೊಗೆಯಲ್ಲಿ ಶೇಕಡಾ 3ರವರೆಗೆ ಮಾನಾಕ್ಸೈಡ್ ಇರಬಹುದು. ಸ್ಟೇಜ್ 2 ಮತ್ತು 3ರ ಕಾರುಗಳಿಗೆ ಶೇಕಡಾ 0.5, ಸ್ಟೇಜ್ 4ರವುಗಳಿಗೆ 0.3. ಇಲ್ಲೊಂದು ಸೂಕ್ಷ್ಮವಿದೆ. 1996ರ ಕಾರಿನಿಂದ ಪರಿವರ್ತಕವನ್ನು ಕಿತ್ತುಹಾಕಿದ್ದರೂ ಕಾರ್ಬ್ಯುರೇಟರ್ ಚೆನ್ನಾಗಿದ್ದರೆ ಅದು ಶೇಕಡಾ 3ರ ಮಿತಿಯೊಳಗೆ ಬಂದು ತೇರ್ಗಡೆಯಾಗಬಹುದು. ಅಲ್ಲದೆ ಪೆಟ್ರೋಲ್ ಕಾರಿನ ಈ ತಪಾಸಣೆಯಲ್ಲಿ ಸಾರಜನಕದ ಆಕ್ಸೈಡ್‌ಗಳನ್ನು ಅಳೆಯುವುದೇ ಇಲ್ಲ. ಆದ್ದರಿಂದ ಪ್ರಮಾಣಪತ್ರ ಕಾನೂನಿಗೆ ಸಾಲಬಹುದು, ಶ್ವಾಸಕೋಶಕ್ಕೆ ಸಾಲದು. ಆದರೂ ಪತ್ರವನ್ನು ಅಲಕ್ಷಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ವಾಯುಮಾಲಿನ್ಯದ ಮಾನದಂಡ ಮೀರಿದ ವಾಹನ ಓಡಿಸಿದವರಿಗೆ 10,000 ರೂಪಾಯಿಗಳವರೆಗೆ ದಂಡ, ಮೂರು ತಿಂಗಳವರೆಗೆ ಸೆರೆವಾಸ ವಿಧಿಸಲು ಅವಕಾಶವಿದೆ.

ಅಮೆರಿಕದ ಕ್ಯಾಲಿಫೋರ್ನಿಯದ ಕ್ರಮವನ್ನು ಇದಕ್ಕೆ ಹೋಲಿಸಿ ನೋಡಬಹುದು. ಅಲ್ಲಿ 1975 ಮತ್ತು ಅದಕ್ಕೂ ಹಿಂದಿನ ಮಾದರಿಯ ಪೆಟ್ರೋಲ್ ಕಾರುಗಳಿಗೆ ನಿಯತಕಾಲಿಕ ಹೊಗೆ ತಪಾಸಣೆಯಿಂದ ವಿನಾಯಿತಿ. 1976ರಿಂದೀಚಿನವುಗಳಲ್ಲಾದರೋ ಮೂಲದಲ್ಲಿದ್ದ ಸಾಧನ ಇರಲೇಬೇಕು. ಬದಲಿಯಾಗಿ ಹಾಕುವ ಪರಿವರ್ತಕವೂ ಸರಕಾರದ ಮನ್ನಣೆ ಪಡೆದದ್ದಾಗಿರಬೇಕು. ಹುಟ್ಟಿನಿಂದ ಇಲ್ಲದ್ದನ್ನು ಕೇಳುವುದಿಲ್ಲ, ಇದ್ದದ್ದನ್ನು ಬಿಡುವುದಿಲ್ಲ ಎಂಬುದೇ ಅದರ ಸಾರ.

ಹಾಕಿಸಬೇಕೆ, ಬೇಡವೆ?

ಮೂಲದಲ್ಲಿ ಪರಿವರ್ತಕವಿದ್ದ ಕಾರಿಗೆ ಅದನ್ನು ಮತ್ತೆ ಹಾಕಿಸುವುದೇ ಧರ್ಮ. ಆ ಮಾದರಿಗೆ, ಎಂಜಿನಿನ ಗಾತ್ರಕ್ಕೆ ಹೊಂದುವಂಥದನ್ನೇ ಆರಿಸಬೇಕು. ತೀರ ಅಗ್ಗದ ಡಬ್ಬಿಗಳಲ್ಲಿ ಅಮೂಲ್ಯ ಲೋಹದ ಅಂಶ ಅತ್ಯಲ್ಪವಾಗಿದ್ದು ಬೇಗನೆ ನಿಸ್ಸತ್ವವಾಗುತ್ತವೆ. ಹಾಕಿಸುವ ಮೊದಲು ಎಂಜಿನಿನ ದೋಷಗಳನ್ನು ಸರಿಪಡಿಸಬೇಕು. ಪ್ಲಗ್ಗು ಸರಿಯಾಗಿ ಕಿಡಿ ಹಾರಿಸದಿದ್ದರೆ ಉರಿಯದ ಪೆಟ್ರೋಲು ಡಬ್ಬಿಯೊಳಗೆ ಹೊತ್ತಿಕೊಂಡು ಪಿಂಗಾಣಿ ಕರಗಿಹೋಗುತ್ತದೆ. ಆಯಿಲ್ ಸುಡುವ ಎಂಜಿನು ರಂಧ್ರಗಳಿಗೆ ಬೂದಿ ತುಂಬುತ್ತದೆ.

ಮೂಲದಲ್ಲಿ ಇಲ್ಲದ ಹಳೆಯ ಕಾರ್ಬ್ಯುರೇಟರ್ ಕಾರಿಗೆ ಹೇಗಾದರೊಂದು ಡಬ್ಬಿಯನ್ನು ಬೆಸೆಯುವುದು ಹಿತವಲ್ಲ. ಪೆಟ್ರೋಲು ಅಧಿಕವಾಗಿ ಹರಿಯುವ ಎಂಜಿನಿನಲ್ಲಿ ಅದು ಅತಿಯಾಗಿ ಕಾದು ಬೆಂಕಿಯ ಅಪಾಯವನ್ನೂ ತರಬಲ್ಲದು. ಇಂಥ ಕಾರಿಗೆ ಕಾರ್ಬ್ಯುರೇಟರಿನ ಶುದ್ಧಿ, ಏರ್ ಫಿಲ್ಟರ್, ಪ್ಲಗ್ಗು, ಇಗ್ನಿಷನ್ ಟೈಮಿಂಗ್‌ಗಳ ನಿಯತ ಪಾಲನೆಯೇ ಸರಿಯಾದ ಚಿಕಿತ್ಸೆ. ಐವತ್ತು ವರ್ಷ ಮೀರಿ ಮೂಲರೂಪದಲ್ಲೇ ಉಳಿದ ವಾಹನಗಳಿಗೆ 2021ರ ನಿಯಮಗಳಂತೆ ವಿಂಟೇಜ್ ನೋಂದಣಿ ದೊರೆಯುತ್ತದೆ. ಆದರೆ ಅವುಗಳನ್ನು ಪ್ರದರ್ಶನ, ರ‍್ಯಾಲಿ, ಸಂಶೋಧನೆ, ರಿಪೇರಿ, ಪೆಟ್ರೋಲು ತುಂಬಿಸುವುದು ಇಂಥ ಕಾರಣಗಳಿಗಲ್ಲದೆ ನಿತ್ಯ ಬಳಕೆಗೆ ಓಡಿಸುವಂತಿಲ್ಲ. ದೆಹಲಿಯಲ್ಲಿ ಹದಿನೈದು ವರ್ಷ ಮೀರಿದ ವಾಹನಗಳ ವಿಚಾರ 2014ರಿಂದ ಹಸಿರು ನ್ಯಾಯಮಂಡಳಿ ಹಾಗೂ ಸರ್ವೋಚ್ಚ ನ್ಯಾಯಾಲಯಗಳ ಮುಂದೆ ಮತ್ತೆ ಮತ್ತೆ ಬಂದಿರುವುದರಿಂದ ಅಲ್ಲಿನ ಬಂಧುಗಳು ಸಾರಿಗೆ ಕಚೇರಿಯಲ್ಲಿ ವಿಚಾರಿಸಿಯೇ ಮುಂದುವರಿಯುವುದು ಲೇಸು.

ನೆನಪಿಡಬೇಕಾದ ಮಾತುಗಳು

ಪರಿವರ್ತಕವಿರಲಿ, ಇಲ್ಲದಿರಲಿ, ಚಾಲೂ ಮಾಡಿದ ಮೊದಲ ಕೆಲವು ನಿಮಿಷಗಳ ಹೊಗೆಯೇ ಅತ್ಯಂತ ವಿಷಮಯ. ಆ ಹೊಗೆ ಹರಡುವುದು ನಮ್ಮ ಕಟ್ಟಡದ ಕೆಳಗೇ. ಅದನ್ನು ಕುಡಿಯುವವರು ಕಾವಲುಗಾರ, ನೆಲ ಅಂತಸ್ತಿನ ಅಜ್ಜಿ, ಶಾಲೆಯ ಬಸ್ಸಿಗೆ ಕಾಯುವ ಮಕ್ಕಳು. ಆದ್ದರಿಂದ ಕಾರನ್ನು ನಿಂತಲ್ಲೇ ಗುರುಗುಟ್ಟಿಸುತ್ತ ಬಿಡದೆ ನಿಧಾನವಾಗಿ ಹೊರಗೆ ಕೊಂಡೊಯ್ಯಿರಿ. ಬಾಗಿಲು ಮುಚ್ಚಿದ ಗ್ಯಾರೇಜಿನಲ್ಲಿ ಎಂದಿಗೂ ಎಂಜಿನನ್ನು ಓಡಿಸಬೇಡಿ. ಪಯಣದಲ್ಲಿ ತಲೆನೋವು, ಓಕರಿಕೆ ಕಂಡರೆ ತಕ್ಷಣ ಕಾರನ್ನು ನಿಲ್ಲಿಸಿ ಎಲ್ಲರೂ ಹೊರಗಿಳಿಯಿರಿ. ಹೊಗೆ ಕೊಳವೆ ತೂತಾಗಿದೆಯೇ ಎಂದು ಪರೀಕ್ಷಿಸಿ. ಗ್ಯಾರೇಜಿನಲ್ಲಿ ಬದಲಿಸಿದ ಪ್ರತಿಯೊಂದು ಭಾಗವನ್ನೂ ಕೇಳಿ ಹಿಂಪಡೆಯಿರಿ.

ಹಿರಿಯರ ಕಾರನ್ನು ಕಾಪಾಡುವುದು ಪ್ರೀತಿಯ ಕೆಲಸ. ಆ ಪ್ರೀತಿಯ ಋಣವನ್ನು ನೆರೆಯವರ ಉಸಿರು ತೀರಿಸುವಂತಾಗಬಾರದು.