ಕರಿಯ ವಿಷಜೇಡದ ಸಾಕಣೆಯೂ ಅದರ ಅಪಾಯವೂ

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ದಕ್ಷಿಣ ಪ್ರಾಂತಗಳಲ್ಲಿ ‘ಬ್ಲ್ಯಾಕ್ ವಿಡೋ’, ಅಂದರೆ ಕರಿಯ ವಿಧವೆ, ಎಂಬ ಹೆಸರಿನ ವಿಷಜೇಡವುಂಟು. ಸೌದೆಯ ರಾಶಿ, ಕಲ್ಲುಗುಪ್ಪೆ, ಕೊಟ್ಟಿಗೆಯ ಮೂಲೆ ಮೊದಲಾದ ಕತ್ತಲೆಯ ಎಡೆಗಳೇ ಇದರ ವಾಸಸ್ಥಾನ. ಹೆಣ್ಣಿನ ದೇಹವು ಸುಮಾರು ಅರ್ಧ ಅಂಗುಲ ಉದ್ದವಾಗಿ ಕಪ್ಪಗೆ ಹೊಳೆಯುವುದು. ಹೊಟ್ಟೆಯ ಕೆಳಭಾಗದಲ್ಲಿ ಡಮರುಗದ ಆಕಾರದ ಕೆಂಪು ಗುರುತಿರುವುದು. ಗಂಡು ಬಹಳ ಚಿಕ್ಕದು. ಅದರಿಂದ ಮನುಷ್ಯರಿಗೆ ಅಪಾಯವಿಲ್ಲ. ಆ ದೇಶದಲ್ಲಿ ಕೆಲವರು ಹೆಣ್ಣುಜೇಡವನ್ನು ಹಿಡಿದು ತಂದು ಕುತೂಹಲಕ್ಕಾಗಿ ಮನೆಯಲ್ಲಿ ಸಾಕುವುದುಂಟು.

ಈ ಜೇಡವು ತಾನಾಗಿ ಮೇಲೆ ಬಿದ್ದು ಕಚ್ಚುವ ಸ್ವಭಾವದ್ದಲ್ಲ. ಮೈಗೆ ಒತ್ತಿ ಸಿಕ್ಕಿಕೊಂಡಾಗ ಕಚ್ಚುವುದು. ಇದರ ವಿಷವು ನರಗಳ ಮೇಲೆ ವರ್ತಿಸಿ ಹೊಟ್ಟೆ, ಬೆನ್ನು, ಕಾಲುಗಳ ಮಾಂಸಖಂಡಗಳನ್ನು ಸೆಡೆಯಿಸುವುದು. ಬೆವರೂ ನೋವೂ ಉಂಟಾಗುವುವು. ಆಲಬಾಮಾ ವಿಶ್ವವಿದ್ಯಾನಿಲಯದ ಎ. ಡಬ್ಲ್ಯು. ಬ್ಲೇರ್ ಎಂಬ ವಿದ್ವಾಂಸರು 1933ರಲ್ಲಿ ಪರೀಕ್ಷಾರ್ಥವಾಗಿ ತಮ್ಮ ಬೆರಳನ್ನೇ ಕಚ್ಚಿಸಿಕೊಂಡು, ಸಹಿಸಲಾರದ ನೋವಿನಿಂದ ಆಸ್ಪತ್ರೆಯನ್ನು ಸೇರಬೇಕಾಯಿತು. ಅವರು ಗುಣ ಹೊಂದಿದರು. ಮರಣವು ಅಪರೂಪವಾದರೂ ಮಕ್ಕಳಿಗೂ ವೃದ್ಧರಿಗೂ ಅಪಾಯವು ಹೆಚ್ಚು.

ಸಾಕುವ ಕ್ರಮವು ಸುಲಭವಾದುದು. ಗಾಜಿನ ಭರಣಿಯೊಂದರಲ್ಲಿ ಬಲೆ ಕಟ್ಟಲು ಒಣಕಡ್ಡಿಗಳನ್ನಿರಿಸಿ, ಬಾಯಿಗೆ ಭದ್ರವಾದ ಮುಚ್ಚಳವನ್ನು ಹಾಕುವರು. ಒಂದು ಭರಣಿಯಲ್ಲಿ ಒಂದೇ ಜೇಡವನ್ನಿಡತಕ್ಕದ್ದು. ಎರಡನ್ನಿಟ್ಟರೆ ಒಂದನ್ನೊಂದು ತಿನ್ನುವುದುಂಟು. ವಾರಕ್ಕೊಮ್ಮೆ ಮಿಡತೆಯ ಮರಿಯನ್ನೋ ನೊಣವನ್ನೋ ಬಿಟ್ಟು, ಆಗಾಗ್ಗೆ ಬಲೆಗೆ ನೀರಿನ ಹನಿ ಚಿಮುಕಿಸಿದರೆ ಸಾಕು. ಜೇಡವು ಮುಚ್ಚಳಕ್ಕೇ ಅಂಟಿಕೊಂಡಿರಬಹುದಾದುದರಿಂದ ಅದು ಎಲ್ಲಿದೆಯೆಂದು ನೋಡಿದ ಹೊರತು ಮುಚ್ಚಳವನ್ನು ತೆರೆಯಕೂಡದು. ಉದ್ದವಾದ ಚಿಮಟವಿಲ್ಲದೆ ಒಳಗೆ ಕೈಯಾಡಿಸಲೂಕೂಡದು.

ಮುಖ್ಯವಾದ ಅಪಾಯವು ಬೇರೊಂದುಂಟು. ಹೊರಗೆ ಹಿಡಿದ ಹೆಣ್ಣು ಹಲವು ವೇಳೆ ಅದಾಗಲೇ ಗಂಡನ್ನು ಕೂಡಿರುವುದು. ಅದು ಗಂಡಿನ ಬೀಜವನ್ನು ದೇಹದಲ್ಲಿ ಬಹುಕಾಲ ಕಾದಿರಿಸಿಕೊಳ್ಳಬಲ್ಲುದಾದುದರಿಂದ, ಭರಣಿಯಲ್ಲಿ ಒಂಟಿಯಾಗಿದ್ದರೂ ಮೊಟ್ಟೆಯ ಚೀಲವನ್ನು ನೇಯುವುದು. ಬಟಾಣಿಗಿಂತ ಸ್ವಲ್ಪ ದೊಡ್ಡದಾದ ಒಂದೊಂದು ಚೀಲದಲ್ಲಿ ನೂರಾರು ಮೊಟ್ಟೆಗಳು. ಒಂದೇ ಬೇಸಿಗೆಯಲ್ಲಿ ಇಂತಹ ಹಲವು ಚೀಲಗಳು. ಕೆಲವು ವಾರಗಳಲ್ಲಿ ಹೊರಬೀಳುವ ಮರಿಗಳು ಬಹಳ ಸೂಕ್ಷ್ಮವಾಗಿದ್ದು, ಗಾಳಿಗೆಂದು ಮಾಡಿದ ರಂಧ್ರಗಳಿಂದಲೇ ನುಸುಳಿಹೋಗುವುವು. ಒಂದನ್ನು ಸಾಕುವೆನೆಂದವನು ಅರಿಯದೆ ನೂರಾರನ್ನು ಮನೆಗೆ ಬಿಟ್ಟುಕೊಂಡಂತಾಗುವುದು. ಆದಕಾರಣ ರಂಧ್ರಗಳಿಗೆ ಒತ್ತಾದ ನೇಯ್ಗೆಯ ಬಟ್ಟೆಯನ್ನು ಬಿಗಿದು, ಚೀಲವು ಕಂಡೊಡನೆ ಅದನ್ನು ಚಿಮಟದಿಂದ ತೆಗೆದು ಸುಟ್ಟುಬಿಡತಕ್ಕದ್ದು.

ಇದೇ ಕುಲಕ್ಕೆ ಸೇರಿದ ಜೇಡಗಳು ಭಾರತದಲ್ಲಿಯೂ ಇರುವುವು. ಗುರುತು ತಿಳಿಯದ ಜೇಡವನ್ನು ಮಕ್ಕಳು ಹಿಡಿದು ಸೀಸೆಯಲ್ಲಿಡದಂತೆ ನೋಡಿಕೊಳ್ಳುವುದೂ, ಸೌದೆ ಕಲ್ಲುಗಳನ್ನು ಎತ್ತುವ ಆಳುಗಳಿಗೆ ಎಚ್ಚರಿಕೆ ಹೇಳುವುದೂ ಗ್ರಾಮದ ಮುಖಂಡರಿಗೆ ಉಚಿತವಾದುದು. ಕಚ್ಚಿದಲ್ಲಿ ಗಾಯವನ್ನು ಕೊಯ್ಯದೆ, ಹೀರದೆ, ಸೋಪು ನೀರಿನಿಂದ ತೊಳೆದು, ರೋಗಿಯನ್ನು ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯತಕ್ಕದ್ದು.