ನಾಲ್ಕೇ ನಡೆಗಳಲ್ಲಿ ಸೋಲುವುದು ಏಕೆ?

ಚದುರಂಗ ಕಲಿಯುವ ಹೊಸಬರನ್ನು ಹೆಚ್ಚಾಗಿ ಕಾಡುವುದು ನಾಲ್ಕು ನಡೆಗಳ ಚೆಕ್‌ಮೇಟ್. ಬಿಳಿಯವರು ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿ, ಒಂಟೆಯನ್ನು ಸಿ4ಕ್ಕೆ, ರಾಣಿಯನ್ನು ಎಚ್5ಕ್ಕೆ ತರುತ್ತಾರೆ. ಕಪ್ಪಿನವರು ತಾವೂ ಕಾಲಾಳನ್ನು ಎರಡು ಮನೆ ನಡೆಸಿ, ಒಂದು ಕುದುರೆಯನ್ನು ಸಿ6ಕ್ಕೆ ತಂದಿರುತ್ತಾರೆ. ರಾಣಿ ಕಂಡೊಡನೆ ಇನ್ನೊಂದು ಕುದುರೆಯನ್ನು ಎಫ್6ಕ್ಕೆ ಹಾರಿಸಿ, ಅವಳ ಮೇಲೇ ದಾಳಿ ಮಾಡಿದೆವೆಂದು ಹಿಗ್ಗುತ್ತಾರೆ. ಮರುನಡೆಯಲ್ಲೇ ರಾಣಿ ಎಫ್7ರ ಕಾಲಾಳನ್ನು ಹೊಡೆಯುತ್ತಾಳೆ. ಆ ಮನೆಗಿದ್ದದ್ದು ರಾಜನೊಬ್ಬನ ಕಾವಲು. ರಾಣಿಯ ಹಿಂದೆ ಒಂಟೆಯ ಬಲವಿರುವುದರಿಂದ ಅವನು ಅವಳನ್ನು ಹೊಡೆಯುವಂತಿಲ್ಲ. ಆಟ ಮುಗಿಯಿತು.

ಇಲ್ಲಿನ ತಪ್ಪು, ತನ್ನ ದಾಳಿಯನ್ನಷ್ಟೇ ಕಂಡದ್ದು. ಕುದುರೆಯ ಬದಲು ಜಿ7ರ ಕಾಲಾಳನ್ನು ಒಂದು ಮನೆ ನಡೆಸಿದ್ದರೆ ರಾಣಿ ಹಿಂದೆ ಸರಿಯಲೇಬೇಕಿತ್ತು. ಅವಳು ಎಫ್3ಕ್ಕೆ ಹೋಗಿ ಅದೇ ಹೊಂಚು ಹಾಕಿದರೆ, ಆಗ ಎಫ್6ಕ್ಕೆ ಬಂದ ಕುದುರೆ ದಾರಿಗೆ ಅಡ್ಡ ನಿಲ್ಲುತ್ತದೆ.

ಗೆದ್ದವರದೂ ಒಂದು ತಪ್ಪಿದೆ: ರಾಣಿಯನ್ನು ಬೇಗ ಹೊರತರುವುದು. ಎದುರಾಳಿ ಅವಳನ್ನು ಓಡಿಸುತ್ತಲೇ ತನ್ನ ಕಾಯಿಗಳನ್ನು ಹೊರತರುತ್ತಾನೆ. ಮೊದಲು ನಡುವಿನ ಕಾಲಾಳು, ಆಮೇಲೆ ಕುದುರೆ ಮತ್ತು ಒಂಟೆ ಹೊರಬರಲಿ. ಕುದುರೆಯನ್ನು ಅಂಚಿಗೆ ತಳ್ಳಬೇಡಿ. ಹಾಸಿನ ನಡುವೆ ನಿಂತರೆ ಅದು 8 ಮನೆಗಳನ್ನು ಕಾಯುತ್ತದೆ, ಮೂಲೆಯಲ್ಲಾದರೆ 2 ಮಾತ್ರ.

ರಾಜನನ್ನು ನಡುವೆಯೇ ಬಿಡುವುದು ಮತ್ತೊಂದು ತಪ್ಪು. ದಾರಿ ತೆರವಾದೊಡನೆ ಕ್ಯಾಸ್ಲಿಂಗ್ ಮಾಡಿ. ರಾಜನಾಗಲಿ ಆ ಬದಿಯ ಆನೆಯಾಗಲಿ ಒಮ್ಮೆ ಕದಲಿದರೆ ಆ ಅವಕಾಶ ಹೋದಂತೆಯೇ.

ಕಾಯಿ ಹೊಡೆಯುವ ಮುನ್ನ ಬೆಲೆ ನೋಡಿ: ಕಾಲಾಳಿಗೆ 1, ಕುದುರೆ, ಒಂಟೆಗೆ 3, ಆನೆಗೆ 5, ರಾಣಿಗೆ 9. ಕಾಲಾಳಿನ ಆಸೆಗೆ ಕುದುರೆ ಕಳೆದುಕೊಂಡರೆ 2 ಅಂಕ ನಷ್ಟ.

ಗೆಲ್ಲುವ ಆಟವೂ ಕೈತಪ್ಪಬಹುದು. ಎದುರಾಳಿಯ ರಾಜನಿಗೆ ಚೆಕ್ ಇಲ್ಲದೆ, ನಡೆಸಲು ಬೇರೆ ಯಾವ ನಡೆಯೂ ಉಳಿಯದಿದ್ದರೆ ಅದು ಸ್ಟೇಲ್‌ಮೇಟ್. ನಿಮ್ಮ ಬಳಿ ಎಷ್ಟೇ ಕಾಯಿಗಳಿದ್ದರೂ ಆಟ ಡ್ರಾ.

ಟೂರ್ನಿಗಳಲ್ಲಿ, ಆಡುವ ಉದ್ದೇಶದಿಂದ ಮುಟ್ಟಿದ ಕಾಯಿಯನ್ನು ನಡೆಸಲೇಬೇಕು. ಆದ್ದರಿಂದ ಕೈ ಚಾಚುವ ಮೊದಲು ಪ್ರತಿ ಸಲವೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಎದುರಾಳಿ ಈ ನಡೆ ನಡೆಸಿದ್ದು ಏಕೆ? ಉತ್ತರ ಸಿಗುವವರೆಗೆ ಕೈ ಮಡಿಲಲ್ಲೇ ಇರಲಿ.