ಹಕ್ಕಿಗೆ ಎರಡು ಬೆರಳು ನೀರು ಸಾಕು

ನಂಜನಗೂಡಿನಲ್ಲಿ ಕಪಿಲೆ ಹರಿಯುತ್ತಾಳೆ. ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ಎರಡೂ ತಾಲ್ಲೂಕುಗಳಲ್ಲಿ ನಾಲೆಗಳಿವೆ, ಕೆರೆಗಳಿವೆ. ಇಂಥ ಕಡೆ ತರಕಾರಿ ತೋಟದಲ್ಲಿ ಹಕ್ಕಿಗೆಂದು ನೀರಿಡಬೇಕೇ ಎಂದು ಹಲವರು ಕೇಳುತ್ತಾರೆ. ಇಡಲೇಬೇಕು. ಚಳಿಗಾಲದಲ್ಲಿ ಹಿಮಾಲಯ ದಾಟಿ ಹದಿನಾರು ಗ್ರಾಮದ ಕೆರೆಗೆ ಬಂದಿಳಿಯುವ ಪಟ್ಟೆತಲೆ ಹೆಬ್ಬಾತಿಗೆ ಆ ಕೆರೆ ಸರಿಯೇ. ನಮ್ಮ ಬದನೆ ಪಾತಿಯಲ್ಲಿ ಹುಳ ಹೆಕ್ಕುವ ಮಡಿವಾಳ ಹಕ್ಕಿಗೆ ಅಷ್ಟು ನೀರಿನಿಂದ ಏನೂ ಆಗಬೇಕಿಲ್ಲ. ಅದು ಈಜುವ ಹಕ್ಕಿಯಲ್ಲ. ಕಾಲೂರಿ ನಿಂತರೆ ಹೊಟ್ಟೆ ನೆನೆಯುವಷ್ಟು ನೀರು ಅದಕ್ಕೆ ಬೇಕು, ಎಂದರೆ ಒಂದರಿಂದ ಎರಡು ಅಂಗುಲ.

ಹಿಂದೆ ಈ ನೀರು ತಾನಾಗಿಯೇ ಸಿಗುತ್ತಿತ್ತು. ಪಾತಿ ಕಟ್ಟಿ ನೀರು ಹಾಯಿಸುತ್ತಿದ್ದಾಗ ಬದುವಿನ ಪಕ್ಕ, ಕಾಲುವೆಯ ತಿರುವಿನಲ್ಲಿ ಸಣ್ಣ ಸಣ್ಣ ಗುಂಡಿಗಳು ತುಂಬಿರುತ್ತಿದ್ದವು. ಗೊರವಂಕ, ಗುಬ್ಬಿ, ಪಿಕಳಾರ ಎಲ್ಲವೂ ಅಲ್ಲೇ ಮೀಯುತ್ತಿದ್ದವು. ಈಗ ಹನಿ ನೀರಾವರಿ ಬಂದಿದೆ. ನೀರು ಉಳಿಯಿತು, ಒಳ್ಳೆಯದೇ ಆಯಿತು. ಆದರೆ ಹನಿ ಬಿದ್ದಲ್ಲೇ ಇಂಗುತ್ತದೆ, ಹಕ್ಕಿಯ ಪಾಲಿನ ಗುಂಡಿ ಉಳಿಯಲಿಲ್ಲ. ನಾಲೆಯ ಏರಿಗೆ ಸಿಮೆಂಟು ಬಳಿದ ಕಡೆ ಕಾಲು ನಿಲ್ಲುವುದಿಲ್ಲ. ಡ್ರಮ್ಮು, ಸಿಮೆಂಟು ತೊಟ್ಟಿಗಳಂತೂ ಆಳ. ಬಾಯಾರಿ ಬಗ್ಗಿದ ಗುಬ್ಬಿ ಬಿದ್ದರೆ ಮೇಲೆ ಬರಲಾರದು. ನಿಮ್ಮ ತೋಟದಲ್ಲಿ ಬಾಯ್ತೆರೆದ ತೊಟ್ಟಿಯಿದ್ದರೆ ಇವತ್ತೇ ಅದರೊಳಗೆ ಒಂದು ಒರಟು ಕೋಲನ್ನು ಓರೆಯಾಗಿ ಇಳಿಬಿಡಿ. ಬಿದ್ದ ಜೀವ ಹತ್ತಿ ಬರಲು ಅಷ್ಟು ಸಾಕು.

ಪಾತ್ರೆಗೆ ದುಡ್ಡು ಸುರಿಯಬೇಕಿಲ್ಲ. ಹೂಕುಂಡದ ಅಡಿಗೆ ಇಡುವ ಒಂದೂಕಾಲು ಅಡಿ ಅಗಲದ ಮಣ್ಣಿನ ತಟ್ಟೆ ಎಲ್ಲಕ್ಕಿಂತ ವಾಸಿ. ಮೇಲ್ಮೈ ಒರಟಾಗಿರುವುದರಿಂದ ಕಾಲು ಜಾರುವುದಿಲ್ಲ, ಸುಟ್ಟ ಮಣ್ಣು ನೀರನ್ನು ಜಿನುಗಿಸಿ ತಂಪಾಗಿಯೂ ಇಡುತ್ತದೆ. ಪ್ಲಾಸ್ಟಿಕ್ ಮತ್ತು ಸ್ಟೀಲು ಬೇಡ. ಅವು ನುಣುಪು, ಬಿಸಿಲಿಗೆ ಬೇಗ ಕಾಯುತ್ತವೆ. ಅಂಚಿನಲ್ಲಿ ಒಂದು ಅಂಗುಲ, ನಡುವೆ ಎರಡು ಅಂಗುಲ ನೀರಿರಲಿ. ತಟ್ಟೆ ಇದಕ್ಕಿಂತ ಆಳವಿದ್ದರೆ ಹೊಳೆಗಲ್ಲು ತುಂಬಿ ತಳ ಎತ್ತರಿಸಿ. ಒಂದು ಕಲ್ಲು ನೀರಿನಿಂದ ತಲೆ ಎತ್ತಿಕೊಂಡಿರಬೇಕು. ಜೇನುನೊಣ ಇಳಿಯುವುದು ಅದರ ಮೇಲೆ.

ನಮ್ಮ ಕಡೆ ಎಷ್ಟೋ ಹಿತ್ತಲುಗಳಲ್ಲಿ ಅಜ್ಜಿಯ ಕಾಲದ ಒರಳುಕಲ್ಲು ಮೂಲೆಯಲ್ಲಿ ಬಿದ್ದಿರುತ್ತದೆ. ಅದೂ ಆಗುತ್ತದೆ. ಬೆಕ್ಕು ಎಗರಿದರೂ ಮಗುಚುವುದಿಲ್ಲ. ಗುಳಿ ಮಾತ್ರ ಆಳ, ಆದ್ದರಿಂದ ಮೇಲಿನ ಎರಡು ಬೆರಳಷ್ಟು ಬಿಟ್ಟು ಉಳಿದದ್ದಕ್ಕೆ ಜಲ್ಲಿ ತುಂಬಿ. ನೆರಳಿನಲ್ಲೇ ಇರಲಿ, ಕಲ್ಲು ಕಾದರೆ ನೀರೂ ಕಾಯುತ್ತದೆ. ಒರಳನ್ನು ಬಗ್ಗಿಸಿ ನೀರು ಚೆಲ್ಲಲಾಗದು. ಜಲ್ಲಿಯನ್ನೂ ತೆಗೆದು ತೊಳೆಯುವಷ್ಟು ತಾಳ್ಮೆ ಇಲ್ಲದವರು ಮಣ್ಣಿನ ತಟ್ಟೆಗೇ ಹೋಗಿ.

ಜಾಗದ ವಿಷಯದಲ್ಲಿ ಬೆಕ್ಕನ್ನು ನೆನಪಿನಲ್ಲಿಟ್ಟುಕೊಳ್ಳಿ. ನೆನೆದ ಹಕ್ಕಿ ಭಾರವಾಗಿರುತ್ತದೆ, ನೆಟ್ಟಗೆ ಹಾರಲಾರದು. ಪೊದೆಗೆ ಒತ್ತಿ ಇಟ್ಟರೆ ಬೆಕ್ಕು ಅದರೊಳಗೇ ಹೊಂಚು ಹಾಕುತ್ತದೆ. ನಟ್ಟನಡು ಬಯಲಿನಲ್ಲಿ ಇಟ್ಟರೆ ಹಕ್ಕಿ ಹೆದರಿ ಬರುವುದಿಲ್ಲ. ಕರಿಬೇವು, ನಿಂಬೆ, ದಾಸವಾಳ ಇಂಥದೊಂದು ಗಿಡದಿಂದ ಆರೇಳು ಅಡಿ ದೂರದಲ್ಲಿ, ಮೂರಡಿ ಎತ್ತರದ ಕಂಬದ ಮೇಲೆ ಇಡಿ. ಮಧ್ಯಾಹ್ನದ ಬಿಸಿಲು ಬೀಳಬಾರದು. ಔಷಧಿ ಹೊಡೆಯುವ ಸಾಲಿನಿಂದ ದೂರವಿರಲಿ. ಹೊಡೆಯುವ ದಿನ ತಟ್ಟೆಯನ್ನು ಬೋರಲು ಹಾಕಿ.

ಇನ್ನು ಸೊಳ್ಳೆ. ಇದರಲ್ಲಿ ಸಡಿಲ ಬಿಟ್ಟರೆ ಪುಣ್ಯದ ಕೆಲಸ ಊರಿಗೆ ಡೆಂಗಿ ತರುವ ಕೆಲಸವಾಗುತ್ತದೆ. ಬೇಸಿಗೆಯಲ್ಲಿ ಸೊಳ್ಳೆಯ ಮೊಟ್ಟೆ ಒಡೆದು, ಹುಳುವಾಗಿ, ರೆಕ್ಕೆ ಬಂದು ಹಾರಲು ಏಳರಿಂದ ಹತ್ತು ದಿನ ಬೇಕು. ದಿನಾ ನೀರು ಬದಲಿಸುವ ಮನೆಯಲ್ಲಿ ಅದು ಹುಟ್ಟಲಾರದು. ಆದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ನೀರಿನ ಗೆರೆಗಿಂತ ಕೊಂಚ ಮೇಲೆ, ಪಾತ್ರೆಯ ಗೋಡೆಗೆ ಅಂಟಿಸಿ. ನೀರು ಚೆಲ್ಲಿದರೆ ಅದು ಹೋಗುವುದಿಲ್ಲ. ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿದ್ದು, ಮತ್ತೆ ನೀರು ತಾಗಿದಾಗ ಒಡೆಯುತ್ತದೆ. ಹಾಗಾಗಿ ವಾರಕ್ಕೆ ಎರಡು ಸಲ ತೆಂಗಿನ ನಾರಿನಿಂದ ಒಳಗೋಡೆ, ಅಂಚು ಎಲ್ಲವನ್ನೂ ತಿಕ್ಕಲೇಬೇಕು. ಸೋಪು ಬೇಡ; ಅದರ ಅಂಶ ಗರಿಯ ಎಣ್ಣೆಯನ್ನು ತೆಗೆದುಬಿಡುತ್ತದೆ. ನಾನು ಎರಡು ತಟ್ಟೆ ಇಟ್ಟುಕೊಂಡಿದ್ದೇನೆ. ಒಂದು ಕಂಬದ ಮೇಲಿದ್ದರೆ ಇನ್ನೊಂದು ತಿಕ್ಕಿಸಿಕೊಂಡು ಬಿಸಿಲಿಗೆ ಒಣಗುತ್ತಿರುತ್ತದೆ. ಪಾಚಿಯೂ ಕಟ್ಟುವುದಿಲ್ಲ.

ನೀರಿಟ್ಟ ಮೊದಲ ವಾರ ಯಾವ ಹಕ್ಕಿಯೂ ಬಾರದಿರಬಹುದು, ಬೇಸರಿಸಬೇಡಿ. ಒಮ್ಮೆ ಬರಲು ಶುರುವಾದರೆ ಹತ್ತು ಮಾರು ದೂರ ಕುಳಿತು ನೋಡಿ. ಮಡಿವಾಳ ಹಕ್ಕಿ ಮೊದಲು ಅಂಚಿನ ಮೇಲೆ ಕುಳಿತು ಬಾಲ ಎತ್ತಿ ಸುತ್ತಲೂ ನೋಡುತ್ತದೆ. ಒಂದು ಗುಟುಕು ಕುಡಿದು, ತಲೆ ಮೇಲೆತ್ತಿ ನುಂಗುತ್ತದೆ. ಆಮೇಲೆ ನೀರಿಗಿಳಿದು, ಎದೆ ಅದ್ದಿ, ರೆಕ್ಕೆಯನ್ನು ಪಟಪಟನೆ ಬಡಿದು ಬೆನ್ನ ಮೇಲೆಲ್ಲ ನೀರು ಎರಚಿಕೊಳ್ಳುತ್ತದೆ. ಮಿಂದದ್ದೇ ಕರಿಬೇವಿನ ಕೊಂಬೆಗೆ ಹಾರಿ, ಬಾಲದ ಬುಡದ ಗ್ರಂಥಿಯಿಂದ ಕೊಕ್ಕಿಗೆ ಎಣ್ಣೆ ತೆಗೆದುಕೊಂಡು ಒಂದೊಂದೇ ಗರಿ ತೀಡುತ್ತದೆ. ಬೆಳವ ಕುಡಿಯುವುದು ಬೇರೆ ಬಗೆ: ಕೊಕ್ಕು ಅದ್ದಿದ್ದು ತಲೆಯೆತ್ತದೆ ಹೀರುತ್ತದೆ. ಕಾಜಾಣ ತಟ್ಟೆಯಲ್ಲಿ ನಿಲ್ಲುವುದು ಅಪರೂಪ, ಹಾರುತ್ತಲೇ ನೀರಿಗೆ ಎದೆ ತಾಗಿಸಿ ಹೋಗುತ್ತದೆ. ಸೂರಕ್ಕಿಗೆ ತಟ್ಟೆಯೇ ಬೇಡ. ಬೆಳಿಗ್ಗೆ ಬಾಳೆ ಎಲೆಗೆ ನೀರು ಚಿಮುಕಿಸಿದರೆ ಎಲೆಯ ಮೇಲೇ ಹೊರಳುತ್ತದೆ.

ತೋಟಕ್ಕೆ ಇದರಿಂದ ಏನು ಲಾಭ? ಮೀಯಲು ಬಂದ ಹಕ್ಕಿ ಸುತ್ತಲೇ ಮೇಯುತ್ತದೆ. ಕೋಸಿನ ಎಲೆ ತಿನ್ನುವ ಹುಳ ಅದರ ಕಣ್ಣಿಗೆ ಬೀಳುತ್ತದೆ. ಟೊಮೆಟೊ ಕಾಯಿಕೊರಕ ತಲೆಯನ್ನು ಕಾಯೊಳಗಿಟ್ಟು ಮೈಯನ್ನು ಹೊರಗೆ ಬಿಟ್ಟುಕೊಂಡಿರುತ್ತದೆ, ಅದೂ ಸಿಗುತ್ತದೆ. ಆದರೆ ಬದನೆಯ ಕುಡಿ ಮತ್ತು ಕಾಯಿ ಕೊರಕ ಪೂರಾ ಒಳಗೇ ಇರುತ್ತದೆ, ಹಕ್ಕಿಗೆ ಎಟುಕುವುದಿಲ್ಲ. ಬಾಡಿದ ಕುಡಿಯನ್ನು ನೀವೇ ಚಿವುಟಿ ತೆಗೆದು ಸುಡಬೇಕು. ಉತ್ತರ ಕರ್ನಾಟಕದ ರೈತರು ಕಡಲೆ ಹೊಲದಲ್ಲಿ ಮಂಡಕ್ಕಿ ಎರಚಿ ಹಕ್ಕಿ ಕರೆಯುತ್ತಾರೆ. ನೀರಿಡುವುದೂ ಅದೇ ಜಾತಿಯ ಉಪಾಯ. ತಟ್ಟೆಯ ಹತ್ತಿರ ಬೆಳೆಗಿಂತ ಎತ್ತರಕ್ಕೆ ಒಂದೆರಡು ಕವೆಕೋಲು ನೆಟ್ಟರೆ ಕಾಜಾಣ ಅದರ ಮೇಲೆ ಕುಳಿತು ಹಾರುವ ಪತಂಗ ಹಿಡಿಯುತ್ತದೆ.

ನಷ್ಟವೂ ಇದೆ, ಮುಚ್ಚಿಡುವುದು ತರವಲ್ಲ. ಪಿಕಳಾರ ಹಣ್ಣು ಟೊಮೆಟೊ, ಮೆಣಸಿನಕಾಯಿ ಕುಕ್ಕುತ್ತದೆ. ಕಡು ಬಿಸಿಲಿನಲ್ಲಿ ಅದಕ್ಕೆ ಬೇಕಾಗಿರುವುದು ಎಷ್ಟೋ ಸಲ ರಸವೇ. ನೀರಿಟ್ಟ ಮೇಲೆ ನನ್ನ ತೋಟದಲ್ಲಿ ಕುಕ್ಕು ಕಡಿಮೆಯಾಯಿತು, ನಿಂತಿಲ್ಲ. ನವಿಲು ಬಂದರೆ ಎಳೆ ಸಸಿಗಳು ಉಳಿಯುವುದು ಕಷ್ಟ. ಒಟ್ಟಲು ಪಾತಿಗೆ ಬಲೆ ಹೊದಿಸುವುದೊಂದೇ ದಾರಿ. ನೆಲದ ಮೇಲೂ ಒಂದು ತಟ್ಟೆ ಇಟ್ಟರೆ ರಾತ್ರಿ ಹುಳ ತಿನ್ನುವ ಕಪ್ಪೆ ಬರುತ್ತದೆ. ಕಪ್ಪೆಯ ಹಿಂದೆ ಹಾವು ಬರಬಹುದು. ಆ ತಟ್ಟೆಯನ್ನು ಬಾಗಿಲಿಂದ ದೂರ, ಹುಲ್ಲು ಸವರಿದ ಜಾಗದಲ್ಲಿ ಇಡಿ.

ಶಿವರಾತ್ರಿ ಕಳೆದು ಬಿಸಿಲು ಏರುವಾಗ ದಾರಿಹೋಕರಿಗೆ ಅರವಟ್ಟಿಗೆ ಇಡುವುದು ನಮ್ಮಲ್ಲಿ ಹಿಂದಿನಿಂದ ಬಂದ ರೂಢಿ. ಹಕ್ಕಿಯ ತಟ್ಟೆಯನ್ನೂ ಆಗಲೇ ಇಡಿ, ಮಳೆಗಾಲದಲ್ಲೂ ತೆಗೆಯಬೇಡಿ. ಮಳೆ ಬಿಡುವು ಕೊಟ್ಟಾಗ ಬಂದು ಮೀಯುತ್ತವೆ. ನಾಲ್ಕು ದಿನ ಊರಿಗೆ ಹೊರಟರೆ ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿ. ಅವರಿಗೂ ಆಗದಿದ್ದರೆ ತಟ್ಟೆ ತಿಕ್ಕಿ, ಬೋರಲು ಹಾಕಿ ಹೋಗಿ.